ಅಪ್ಪನಿಗೆ ಕಪ್ಪು ದಾರ, ತಂಗಿಗೆ ಕಾಣದ ಹೊಲಿಗೆ: ಇದರಲ್ಲಿ ಯಾವುದು ಒಳ್ಳೆಯದು?

ತೋಟದಮನೆ, ಮೂಡಿಗೆರೆ (ಸೋಮವಾರ ರಾತ್ರಿ 8.40)

ಎಲ್ಲರಿಗೂ ನಮಸ್ಕಾರ. ಮನೆಯ ಜಗಳದಿಂದ ಹುಟ್ಟಿದ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ.

ಅಪ್ಪನಿಗೆ 64 ವರ್ಷ. ಹೋದ ಮಂಗಳವಾರ ಹಾಸನದಲ್ಲಿ ಹರ್ನಿಯಾ ಆಪರೇಷನ್ ಆಯಿತು. ತೊಡೆಸಂದಿನ ಮೇಲೆ ಕಪ್ಪು ದಾರದ ಹೊಲಿಗೆ, ಎಣಿಸಿದರೆ ಏಳು. ಪ್ರತಿ ಗಂಟಿನ ತುದಿಯೂ ಬೆಕ್ಕಿನ ಮೀಸೆಯಂತೆ ನೆಟ್ಟಗೆ ನಿಂತಿದ್ದು ಪಂಚೆಗೆ ಸಿಕ್ಕಿಕೊಳ್ಳುತ್ತದೆ. ಮೂರು ತಿಂಗಳ ಹಿಂದೆ ತಂಗಿಗೆ ಚಿಕ್ಕಮಗಳೂರಿನಲ್ಲಿ ಸಿಸೇರಿಯನ್ ಆಗಿತ್ತು. ಅವಳಿಗೆ ಹೊಲಿಗೆ ಹಾಕಿದ್ದೇ ಕಾಣಿಸುತ್ತಿರಲಿಲ್ಲ, ಬಿಚ್ಚಿಸಲು ಹೋಗಬೇಕಾಗಿಯೂ ಬರಲಿಲ್ಲ. ಈಗ ಸಣ್ಣ ಗೆರೆ ಮಾತ್ರ ಇದೆ.

ಭಾನುವಾರ ನೋಡಲು ಬಂದ ಚಿಕ್ಕಪ್ಪ ಎರಡನ್ನೂ ಹೋಲಿಸಿ, "ಅಣ್ಣಾ, ನಿನಗೆ ಹಳೇ ಕಾಲದ ದಾರ ಹಾಕಿ ಕಳಿಸಿದ್ದಾರೆ" ಎಂದುಬಿಟ್ಟರು. ಅಂದಿನಿಂದ ಅಪ್ಪ ಕನ್ನಡಿ ಹಿಡಿದುಕೊಂಡು ದಾರವನ್ನೇ ನೋಡುತ್ತಾ ಕೂರುತ್ತಾರೆ.

ನನ್ನ ಪ್ರಶ್ನೆ ಎರಡು. ಅಪ್ಪನಿಗೆ ನಿಜವಾಗಿಯೂ ಕೀಳು ದರ್ಜೆಯ ದಾರ ಹಾಕಿದ್ದಾರೆಯೇ? ಹತ್ತನೇ ದಿನ, ಅಂದರೆ ಶುಕ್ರವಾರ, ಬಿಚ್ಚಿಸಬೇಕು ಎಂದಿದ್ದಾರೆ. ಇಲ್ಲಿ ಆಷಾಢದ ಮಳೆ ಬಿಟ್ಟಿಲ್ಲ, ನಿನ್ನೆ ನಮ್ಮ ರಸ್ತೆಗೆ ಸಿಲ್ವರ್ ಮರ ಬಿದ್ದಿತ್ತು. ಒಂದು ವಾರ ತಡವಾದರೆ ಏನಾಗುತ್ತದೆ? ಅಪ್ಪನಂತೂ ಮೀಸೆ ಕತ್ತರಿಯನ್ನು ಬಿಸಿನೀರಿನಲ್ಲಿ ಅದ್ದಿ ತಾವೇ ಬಿಚ್ಚಿಕೊಳ್ಳುವ ಹುಮ್ಮಸ್ಸಿನಲ್ಲಿದ್ದಾರೆ.

ಹಾಸನಿಗ, ಸದ್ಯ ಬೆಂಗಳೂರು (ರಾತ್ರಿ 8.55)

ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿಯಾಗಿಯೇ ಇದೆ. ಇಲ್ಲಿ ಈಗ ದಾರದ ಕಾಲವೇ ಮುಗಿದಿದೆ. ನನ್ನ ಮಗ ಮೇಜಿನ ಮೂಲೆಗೆ ಬಡಿದು ಹುಬ್ಬು ಸೀಳಿಕೊಂಡಾಗ ಅಂಟು ಹಚ್ಚಿ ಎರಡೇ ನಿಮಿಷದಲ್ಲಿ ಕಳಿಸಿದರು. ಸೂಜಿಯೂ ಇಲ್ಲ, ಅಳುವೂ ಇಲ್ಲ, ಇಂದು ಕಲೆ ಹುಡುಕಿದರೂ ಸಿಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೂ ಕಪ್ಪು ದಾರವೇ ಎಂದರೆ ಬೇಸರವಾಗುತ್ತದೆ.

ಕತ್ತರಿ ಚಿಮಟ, ಹಾಸನ (ರಾತ್ರಿ 10.20)

ಹಾಸನ ಜಿಲ್ಲೆಯಲ್ಲಿ 18 ವರ್ಷಗಳಿಂದ ಸರ್ಜನ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ತಂದೆಗೆ ಆಪರೇಷನ್ ಮಾಡಿದವನು ನಾನಲ್ಲ. ಮೊದಲು ಮೀಸೆ ಕತ್ತರಿಯನ್ನು ಅವರ ಕೈಗೆ ಸಿಗದಂತೆ ಇಡಿ, ಉಳಿದದ್ದನ್ನು ಆಮೇಲೆ ಓದಿ.

ನೀವು ವರ್ಣಿಸಿದ ಬೆಕ್ಕಿನ ಮೀಸೆ ನೋಡಿದರೆ ಅದು ನೈಲಾನ್. ಪೆಟ್ಟಿಗೆಯ ಮೇಲೆ ಇಥಿಲಾನ್ ಎಂದೋ ಇನ್ನೊಂದು ಹೆಸರೋ ಇರುತ್ತದೆ. ರೇಷ್ಮೆಯಾಗಿದ್ದರೆ ತುದಿ ಮೆತ್ತಗೆ ಮಲಗುತ್ತಿತ್ತು. ಇದು ಹಳೇ ಕಾಲದ್ದು ಎನ್ನುವುದು ತಮಾಷೆ. ನೈಲಾನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. ರೇಷ್ಮೆ, ನಾರು, ಪ್ರಾಣಿಯ ಕರುಳಿನ ದಾರ ಇವೆಲ್ಲ ಶತಮಾನಗಳ ಹಿಂದಿನವು.

ದಾರ ಆರಿಸುವಾಗ ನಾವು ಮುಖ್ಯವಾಗಿ ನೋಡುವುದು ಅದು ಮೈಯೊಳಗೆ ಕರಗುತ್ತದೆಯೇ, ಮತ್ತು ಅದು ಒಂಟಿ ಎಳೆಯೋ ಹೆಣೆದದ್ದೋ ಎಂಬುದನ್ನು. ನೈಲಾನ್ ಒಂಟಿ ಎಳೆ, ಕರಗುವುದಿಲ್ಲ. ಪ್ರೋಲೀನ್ ಎಂದು ಕರೆಯುವ ಪಾಲಿಪ್ರೊಪಿಲೀನ್ ಕೂಡ ಹಾಗೆಯೇ, ಸಾಮಾನ್ಯವಾಗಿ ನೀಲಿ ಬಣ್ಣ. ರೇಷ್ಮೆ ಹೆಣೆದದ್ದು. ಗಂಟು ಬೆಣ್ಣೆಯಂತೆ ಕೂರುತ್ತದೆ, ಆದರೆ ಜಡೆಯ ಸಂದಿಯಲ್ಲಿ ಕೊಳೆ ಕೂರುವಂತೆ ಎಳೆಗಳ ಸಂದಿಯಲ್ಲಿ ಬ್ಯಾಕ್ಟೀರಿಯಾ ಕೂರುತ್ತವೆ. 1957ರಲ್ಲಿ ಇಂಗ್ಲೆಂಡಿನಲ್ಲಿ ಸ್ವಯಂಸೇವಕರ ಚರ್ಮದ ಮೇಲೆಯೇ ಪ್ರಯೋಗ ಮಾಡಿ ನೋಡಿದರು. ಬರಿಯ ಚರ್ಮದಲ್ಲಿ ಕೀವು ಮೂಡಿಸಲು ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಬೇಕಾದವು, ಒಂದು ರೇಷ್ಮೆ ಹೊಲಿಗೆ ಇದ್ದಾಗ ಕೆಲವು ನೂರು ಸಾಕಾದವು. ಹಾಗಾಗಿ ಹೊರಗಿನ ಚರ್ಮಕ್ಕೆ ರೇಷ್ಮೆ ಹಾಕುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಕರಗುವ ದಾರ ತಾನಾಗಿಯೇ ಮಾಯವಾಗುವುದಿಲ್ಲ, ಮೈ ಅದನ್ನು ಕರಗಿಸಬೇಕು. ಕರಗಿಸುವಾಗ ಅಲ್ಲೊಂದು ಸಣ್ಣ ಉರಿಯೂತ ಇದ್ದೇ ಇರುತ್ತದೆ. ನೈಲಾನ್ ಎಂದರೆ ಜಗುಲಿಯಲ್ಲೇ ಕುಳಿತು, ಹೇಳಿದ ದಿನ ಎದ್ದು ಹೋಗುವ ನೆಂಟ. ಚರ್ಮ ಅದರ ತಂಟೆಗೆ ಹೋಗುವುದಿಲ್ಲ. ಅದಕ್ಕಿರುವ ಕೆಟ್ಟ ಗುಣ ಒಂದೇ: ಪೆಟ್ಟಿಗೆಯಲ್ಲಿ ಸುತ್ತಿಟ್ಟ ಆಕಾರವನ್ನು ಮರೆಯುವುದಿಲ್ಲ, ಗಂಟು ಜಾರುತ್ತದೆ. ಎರಡು ಸುತ್ತು ಸಾಲದೆ ನಾಲ್ಕೈದು ಸುತ್ತು ಹಾಕುತ್ತೇವೆ. ನಿಮ್ಮ ತಂದೆಯ ಪಂಚೆಗೆ ಸಿಕ್ಕಿಕೊಳ್ಳುತ್ತಿರುವುದು ಆ ಗಂಟೇ.

ಇನ್ನು ತಡದ ವಿಷಯ. ತೊಡೆಸಂದಿನಲ್ಲಿ ಏಳರಿಂದ ಹತ್ತು ದಿನಕ್ಕೆ ಬಿಚ್ಚುತ್ತಾರೆ. ರಸ್ತೆ ಕಟ್ಟಿಕೊಂಡು ಹತ್ತು ಹನ್ನೆರಡಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಇನ್ನೂ ಒಂದು ವಾರ ಬೇಡ. ಸೂಜಿ ತೂರಿದ ದಾರಿಯುದ್ದಕ್ಕೂ ಚರ್ಮ ಬೆಳೆದು ಒಳಗಿಳಿಯುತ್ತದೆ, ಆಮೇಲೆ ದಾರ ತೆಗೆದರೂ ರೈಲು ಹಳಿಯಂತೆ ಅಡ್ಡ ಗುರುತುಗಳು ಉಳಿಯುತ್ತವೆ. ಮುಖದ ಹೊಲಿಗೆಯನ್ನು ಐದನೇ ದಿನದ ಹೊತ್ತಿಗೇ ಬಿಚ್ಚುವುದು ಇದಕ್ಕಾಗಿಯೇ. ಕಾಲು, ಬೆನ್ನು, ಕೀಲಿನ ಮೇಲೆ ಹತ್ತರಿಂದ ಹದಿನಾಲ್ಕು ದಿನ ಬಿಡುತ್ತೇವೆ.

ತೋಟದಮನೆ, ಮೂಡಿಗೆರೆ (ರಾತ್ರಿ 10.45)

ತುಂಬ ಧನ್ಯವಾದ ಡಾಕ್ಟರೇ. ಕತ್ತರಿ ಅಡಗಿಸಿಟ್ಟಿದ್ದೇನೆ. ಓದಿ ಹೇಳಿದ ಮೇಲೆ ಅಪ್ಪನ ಪ್ರಶ್ನೆ: ಹತ್ತೇ ದಿನಕ್ಕೆ ಬಿಚ್ಚಿದರೆ ಗಾಯ ಬಾಯಿ ಬಿಡುವುದಿಲ್ಲವೇ? ಅವರು ಕಾಳುಮೆಣಸಿನ ಏಣಿ ಹತ್ತಬೇಕಂತೆ.

ಕತ್ತರಿ ಚಿಮಟ, ಹಾಸನ (ರಾತ್ರಿ 11.05)

ಏಣಿ ಸದ್ಯಕ್ಕೆ ಬೇಡ. ಪ್ರಶ್ನೆ ಮಾತ್ರ ಚೆನ್ನಾಗಿದೆ, ನಮ್ಮ ವಿದ್ಯಾರ್ಥಿಗಳೂ ಇದನ್ನು ಕೇಳುವುದಿಲ್ಲ.

ಮೊದಲ ವಾರದ ಕೊನೆಗೆ ಗಾಯಕ್ಕೆ ಮೂಲ ಚರ್ಮದ ಬಲದಲ್ಲಿ ಶೇಕಡ 10ರಷ್ಟೂ ಬಂದಿರುವುದಿಲ್ಲ. ಮೂರು ವಾರಕ್ಕೆ ಸುಮಾರು 20, ಆರು ವಾರಕ್ಕೆ ಹೆಚ್ಚುಕಡಿಮೆ ಅರ್ಧ. ಮೂರು ತಿಂಗಳಾದ ಮೇಲೂ ಶೇಕಡ 80ಕ್ಕೆ ನಿಲ್ಲುತ್ತದೆ, ನೂರಕ್ಕೆ ನೂರು ಎಂದೂ ಬರುವುದಿಲ್ಲ. ಹಾಗಿದ್ದರೂ ಹತ್ತನೇ ದಿನ ಬಿಚ್ಚುತ್ತೇವೆ, ಏಕೆಂದರೆ ಭಾರ ಹೊರುತ್ತಿರುವುದು ನಿಮಗೆ ಕಾಣುವ ಹೊಲಿಗೆ ಅಲ್ಲ. ಅದರ ಕೆಳಗೆ ಕೊಬ್ಬಿನ ಪದರಕ್ಕೆ ಸಾಮಾನ್ಯವಾಗಿ ವಿಕ್ರಿಲ್ ಎಂಬ ಕರಗುವ ದಾರ ಹಾಕಿರುತ್ತಾರೆ. ಅದು ಎರಡು ವಾರಕ್ಕೆ ಮುಕ್ಕಾಲು ಬಲ, ಮೂರು ವಾರಕ್ಕೆ ಅರ್ಧ ಬಲ ಉಳಿಸಿಕೊಂಡಿರುತ್ತದೆ, ಪೂರ್ತಿ ಕರಗಲು ಎಂಟರಿಂದ ಹತ್ತು ವಾರ. ಅದಕ್ಕೂ ಕೆಳಗೆ ಹರ್ನಿಯಾ ಜಾಗವನ್ನು ಬಲಪಡಿಸಲು ಜಾಲರಿ ಇಟ್ಟಿದ್ದರೆ ಅದು ಬಹುತೇಕ ಪಾಲಿಪ್ರೊಪಿಲೀನ್, ಅವರು ಇರುವವರೆಗೂ ಇರುತ್ತದೆ. ಮೇಲಿನ ಏಳು ಹೊಲಿಗೆಯ ಕೆಲಸ ಚರ್ಮದ ಎರಡು ಅಂಚುಗಳನ್ನು ಮಟ್ಟಸವಾಗಿ ಮುಖಾಮುಖಿ ಕೂರಿಸುವುದು, ಅಷ್ಟೇ. ಚಿಕ್ಕಪ್ಪ ದೂರುತ್ತಿರುವುದು ಮನೆಯ ಸುಣ್ಣವನ್ನು ನೋಡಿ, ಅಡಿಪಾಯವನ್ನಲ್ಲ.

ಅಂಟಿನ ವಿಷಯ ಹೇಳಿದ ಬೆಂಗಳೂರಿನವರಿಗೆ: ಮಕ್ಕಳ ಹುಬ್ಬಿಗೆ ನಾನೂ ಅದನ್ನೇ ಹಚ್ಚುತ್ತೇನೆ. ಅದು ಸಯನೋಆಕ್ರಿಲೇಟ್, ನಿಮ್ಮ ಮೇಜಿನ ಡ್ರಾಯರಿನ ಫೆವಿಕ್ವಿಕ್‌ನ ದಾಯಾದಿ. (ದಾಯಾದಿ ಮಾತ್ರ. ಮನೆಯದನ್ನು ಗಾಯಕ್ಕೆ ಹಚ್ಚಿಕೊಂಡು ಸುಟ್ಟುಕೊಂಡವರನ್ನು ನೋಡಿದ್ದೇನೆ.) ಐದರಿಂದ ಹತ್ತು ದಿನಕ್ಕೆ ಅದು ತಾನೇ ಹಪ್ಪಳದಂತೆ ಎದ್ದು ಬರುತ್ತದೆ. ಬೆವರುವ ತೊಡೆಸಂದು, ಮಡಚುವ ಮಂಡಿ, ಕೊಳೆಯಾದ ಗಾಯ, ಎಳೆತವಿರುವ ಜಾಗ ಇವಕ್ಕೆಲ್ಲ ಅದು ಆಗದು. ಮಳೆಗಾಲದ ಮೂಡಿಗೆರೆಯಲ್ಲಿ ಒಬ್ಬ ಕೃಷಿಕನ ತೊಡೆಸಂದಿಗೆ ಬರಿಯ ಅಂಟು ಹಚ್ಚಿ ಕಳಿಸಿದ್ದರೆ ಆಗ ನಾನೇ ಚಿಕ್ಕಪ್ಪನ ಪಕ್ಷ ಸೇರುತ್ತಿದ್ದೆ.

ಸೂಜಿದಾರ, ಚನ್ನರಾಯಪಟ್ಟಣ (ಮಂಗಳವಾರ ಬೆಳಿಗ್ಗೆ 7.15)

ನಾನು ಟೈಲರ್, ಡಾಕ್ಟರರ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ತಂಗಿಯವರಿಗೆ ಹಾಕಿರುವುದು ಸೀರೆಗೆ ಫಾಲ್ ಹಾಕುವ ಹೊಲಿಗೆಯ ಜಾತಿಯದಿರಬೇಕು ಅಲ್ಲವೇ? ದಾರ ಒಳಮಡಿಕೆಯಲ್ಲೇ ಓಡುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣಬಾರದು. ನಮ್ಮಲ್ಲಿ ಅದಕ್ಕೆ ದಾರಕ್ಕಿಂತ ಕೈ ಮುಖ್ಯ. ಎಷ್ಟು ದುಬಾರಿ ದಾರ ತಂದರೂ ಬಿಗಿದು ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಚರ್ಮಕ್ಕೂ ಹಾಗೆಯೇ ಇರಬಹುದು ಎಂದು ನನ್ನ ಊಹೆ.

ಕತ್ತರಿ ಚಿಮಟ, ಹಾಸನ (ಬೆಳಿಗ್ಗೆ 8.00)

ಊಹೆ ಪೂರ್ತಿ ಸರಿ. ಚರ್ಮದ ಒಳಪದರದಲ್ಲೇ ಆಚೆಯಿಂದ ಈಚೆಗೆ ಹಾವಿನಂತೆ ಹರಿಯುವ ಹೊಲಿಗೆ ಅದು. ಬಟ್ಟೆಗಿಲ್ಲದ ಒಂದು ತೊಂದರೆ ಚರ್ಮಕ್ಕಿದೆ: ಹಾಕಿದ ಮಾರನೆಯ ದಿನ ಅದು ಬಾತುಕೊಳ್ಳುತ್ತದೆ. ಇಂದು ಸರಿಯಾಗಿ ಬಿಗಿದದ್ದು ನಾಳೆ ಅತಿಯಾಗಿ ಬಿಗಿಯುತ್ತದೆ, ಅಂಚಿಗೆ ರಕ್ತ ಹೋಗುವುದು ನಿಲ್ಲುತ್ತದೆ, ಅಂಚು ಕಪ್ಪಾಗುತ್ತದೆ. ಆದ್ದರಿಂದ ತಾಗಿಸಬೇಕು, ಉರುಲು ಹಾಕಬಾರದು. ಹೊಸದಾಗಿ ಕಲಿಯುವವರು ಮಾಡುವ ತಪ್ಪೆಲ್ಲ ಇಲ್ಲೇ.

ಹೆರಿಗೆ ವಾರ್ಡು, ಚಿಕ್ಕಮಗಳೂರು (ಬೆಳಿಗ್ಗೆ 9.30)

ಪ್ರಸೂತಿ ತಜ್ಞೆಯಾಗಿ ತಂಗಿಯವರ ಪರವಾಗಿ ಕೆಲವು ಮಾತು. ಸಿಸೇರಿಯನ್‌ಗೆ ನಾವು ಹೆಚ್ಚಾಗಿ ಮೋನೋಕ್ರಿಲ್ ಅಥವಾ ವಿಕ್ರಿಲ್ ಬಳಸುತ್ತೇವೆ, ಎರಡೂ ಕರಗುವ ದಾರ. ಮೊದಲನೆಯದು ಒಂಟಿ ಎಳೆ, ಎರಡನೆಯದು ಹೆಣೆದದ್ದು. ಮೋನೋಕ್ರಿಲ್ ಬಲ ಬೇಗ ಕಳೆದುಕೊಳ್ಳುತ್ತದೆ, ಬಣ್ಣ ಹಾಕದ ದಾರದಲ್ಲಿ ಮೂರು ವಾರಕ್ಕೆ ಏನೂ ಉಳಿದಿರುವುದಿಲ್ಲ. ಆದರೆ ಪೂರ್ತಿ ಕರಗಲು ಮೂರರಿಂದ ನಾಲ್ಕು ತಿಂಗಳು ಬೇಕು. 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 550 ಬಾಣಂತಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಗಾಯದ ತೊಂದರೆ ಮೋನೋಕ್ರಿಲ್ ಗುಂಪಿನಲ್ಲಿ ಶೇಕಡ 8.8, ವಿಕ್ರಿಲ್ ಗುಂಪಿನಲ್ಲಿ 14.4. ಅದಕ್ಕೂ ಮೊದಲು, 2014ರಲ್ಲಿ, 746 ಮಂದಿಯಲ್ಲಿ ಹೊಲಿಗೆಯನ್ನು ಚರ್ಮ ಮುಚ್ಚಲು ಹೊಡೆಯುವ ಸ್ಟೀಲ್ ಪಿನ್ನಿನೊಂದಿಗೆ ಹೋಲಿಸಿದಾಗ ತೊಂದರೆ ಹೊಲಿಗೆಯಲ್ಲಿ ಶೇಕಡ 4.9, ಪಿನ್ನಿನಲ್ಲಿ 10.6 ಬಂದಿತ್ತು.

ಈ ಅಂಕಿಗಳನ್ನು ಓದಿ ಯಾರೂ ವೈದ್ಯರ ಬಳಿ ದಾರದ ಹೆಸರು ಹಿಡಿದು ಜಗಳಕ್ಕೆ ಹೋಗಬೇಡಿ. ನೂರು ಜನರಲ್ಲಿ ಐದಾರು ಜನರ ವ್ಯತ್ಯಾಸ ಅದು. ನನ್ನ ವಾರ್ಡಿನಲ್ಲಿ ಹಿಮೋಗ್ಲೋಬಿನ್ ಏಳು ಇರುವ ಹುಡುಗಿಗೂ ಸಕ್ಕರೆ ಹತೋಟಿಯಲ್ಲಿಲ್ಲದ ತಾಯಿಗೂ ಯಾವ ದಾರ ಹಾಕಿದರೂ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ತಂಗಿಯವರ ಗೆರೆ ಸಣ್ಣಗಿರುವುದಕ್ಕೆ ದಾರಕ್ಕಿಂತ ಹೆಚ್ಚಾಗಿ ಕೊಯ್ದ ದಿಕ್ಕು ಕಾರಣ. ಚರ್ಮಕ್ಕೆ ಮರದಂತೆ ಒಂದು ಎಳೆಯ ಓಟವಿದೆ. ವಿಯೆನ್ನಾದಲ್ಲಿ ಲ್ಯಾಂಗರ್ ಎಂಬ ಅಂಗರಚನಾ ತಜ್ಞರು ಅದರ ನಕ್ಷೆ ಬರೆದದ್ದು 1861ರಲ್ಲಿ. ಆ ಓಟದ ಜೊತೆ ಕೊಯ್ದರೆ ಗಾಯ ತಾನಾಗಿ ಮುಚ್ಚಿಕೊಳ್ಳಲು ನೋಡುತ್ತದೆ, ಅಡ್ಡ ಕೊಯ್ದರೆ ಬಾಯಿ ತೆರೆಯುತ್ತದೆ. ಸಿಸೇರಿಯನ್‌ನ ಅಡ್ಡಗೀಟು ಆ ಓಟದಲ್ಲೇ ಬರುತ್ತದೆ.

ಬಿಳಿ ಟೋಪಿ, ಸಕಲೇಶಪುರ (ಬೆಳಿಗ್ಗೆ 11.10)

34 ವರ್ಷ ನರ್ಸ್ ಆಗಿದ್ದೆ, ಈಗ ನಿವೃತ್ತಿ. ಡಾಕ್ಟರು ಹೊಲಿದು ಕೈ ತೊಳೆದುಕೊಳ್ಳುತ್ತಾರೆ, ಬಿಚ್ಚುವವರು ನಾವು. ಆದ್ದರಿಂದ ನನ್ನ ಮಾತು ಸ್ವಲ್ಪ ಖಾರವಾಗಿರುತ್ತದೆ.

ನೈಲಾನ್ ಒಳ್ಳೆಯ ನೆಂಟ ಎಂದರು ಸರ್. ಒಪ್ಪಿದೆ, ಹೇಳಿದ ದಿನ ಕಳಿಸಲು ಮನೆಯವರು ಇದ್ದರೆ! ಮರಗಸಿ (ತೋಟದ ನೆರಳುಮರದ ಕೊಂಬೆ ಸವರುವುದು) ಮಾಡುವಾಗ ಕತ್ತಿ ಜಾರಿ ಮೊಣಕಾಲ ಕೆಳಗೆ ಕಡಿದುಕೊಂಡ ಆಳು ಬರುತ್ತಾನೆ. ನೈಲಾನಿನಲ್ಲಿ ಹೊಲಿದು ಹನ್ನೆರಡನೇ ದಿನ ಬಾ ಎನ್ನುತ್ತೀರಿ. ಅಷ್ಟರಲ್ಲಿ ಅವನ ತಂಡ ಬೇರೆ ತೋಟಕ್ಕೆ ಹೋಗಿರುತ್ತದೆ, ಒಂದು ದಿನದ ಕೂಲಿ ಬಿಟ್ಟು ಎರಡು ಬಸ್ ಬದಲಾಯಿಸಿ ಯಾರು ಬರುತ್ತಾರೆ? ಇಪ್ಪತ್ತೈದನೇ ದಿನ ಬಂದವನ ಹೊಲಿಗೆಯನ್ನು ನಾನು ಬಿಚ್ಚಿದ್ದೇನೆ. ಗಂಟುಗಳು ಚರ್ಮದೊಳಗೆ ಹೂತು ಪ್ರತಿ ತೂತಿನಲ್ಲೂ ಕೀವು. ಅವನು ಹಲ್ಲು ಕಚ್ಚಿಕೊಂಡಿದ್ದ, ನಾನು ಅತ್ತಿದ್ದೆ. ಅವನಿಗೆ ಬೇಗ ಕರಗುವ ದಾರ ಹಾಕಿದ್ದರೆ ಕಲೆ ತುಸು ದಪ್ಪವಾಗುತ್ತಿತ್ತೇನೋ, ಆಗಲಿ ಬಿಡಿ. ಪುಸ್ತಕದಲ್ಲಿ ಯಾವ ದಾರ ಮೇಲು ಎಂದು ಬರೆದಿರುತ್ತದೆ, ಆ ರೋಗಿ ಮತ್ತೆ ಬರುತ್ತಾನೆಯೇ ಎಂದು ಬರೆದಿರುವುದಿಲ್ಲ.

ತೋಟದಮನೆಯವರೇ, ಹೊಲಿಗೆ ಬಿಚ್ಚಲು ಹಾಸನಕ್ಕೇ ಹೋಗಬೇಕೆಂದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಚ್ಚುತ್ತಾರೆ, ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಮೀಸೆ ಕತ್ತರಿ ಏಕೆ ಬೇಡ ಎಂದರೆ, ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಗಂಟನ್ನು ಚಿಮಟದಲ್ಲಿ ಎತ್ತಿ, ಒಂದೇ ಕಡೆ, ಚರ್ಮಕ್ಕೆ ತಾಗಿದಂತೆ ಕತ್ತರಿಸಬೇಕು. ಇಲ್ಲವಾದರೆ ಹತ್ತು ದಿನ ಹೊರಗೆ ಕೊಳೆ ಮೆತ್ತಿಕೊಂಡಿದ್ದ ದಾರ ಗಾಯದ ಒಳಗಿನಿಂದ ಹಾದು ಬರುತ್ತದೆ. ಎಳೆಯುವಾಗ ಗಾಯದ ಕಡೆಗೇ ಎಳೆಯಬೇಕು, ಆಚೆಗೆ ಎಳೆದರೆ ಅಂಚು ಬಿಟ್ಟುಕೊಳ್ಳುತ್ತದೆ. ಮೊದಲು ಒಂದು ಬಿಟ್ಟು ಒಂದು ತೆಗೆದು ನೋಡಿ, ಗಟ್ಟಿಯಾಗಿದ್ದರೆ ಉಳಿದವು. ಕೊನೆಗೆ ಎಣಿಸಬೇಕು. ಏಳು ಎಂದಿರಲ್ಲ, ಅದು ನೀವು ಎಣಿಸಿದ್ದೋ, ಚೀಟಿಯಲ್ಲಿ ಬರೆದದ್ದೋ?

ಇನ್ನೊಂದು ವಿಷಯ: ಗಾಯಕ್ಕೆ ಕಾಫಿಪುಡಿ ಮೆತ್ತಬೇಡಿ. ನಮ್ಮ ಕಡೆ ರಕ್ತ ನಿಲ್ಲಲಿ ಎಂದು ಮೊದಲು ಮಾಡುವ ಕೆಲಸವೇ ಅದು. ಆ ಪುಡಿಯನ್ನು ಕೆರೆದು ತೆಗೆಯುವುದರಲ್ಲೇ ನನ್ನ ಅರ್ಧ ಸರ್ವಿಸ್ ಕಳೆದಿದೆ.

ಕತ್ತರಿ ಚಿಮಟ, ಹಾಸನ (ಮಧ್ಯಾಹ್ನ 2.20)

ಸಿಸ್ಟರ್, ನೀವು ಹೇಳಿದ್ದು ನಾಟಿತು. ಎರಡು ಆಪರೇಷನ್‌ಗಳ ನಡುವೆ ಓದಿದೆ, ಮೂರನೆಯದಕ್ಕೆ ನಿಂತಾಗಲೂ ತಲೆಯಲ್ಲಿತ್ತು. ಎಲ್ಲಿಂದ ಬಂದಿದ್ದೀರಿ ಎಂದು ರೋಗಿಯನ್ನು ಕೇಳುತ್ತೇನೆ, ಆದರೆ ಅದು ಕೇಸ್ ಶೀಟಿಗಾಗಿ, ದಾರಕ್ಕಾಗಿ ಅಲ್ಲ. ಇಂದಿನ ಮೂರನೆಯವರು ಚಾರ್ಮಾಡಿ ಕಡೆಯವರು, ಬೆನ್ನಿನ ಕೊಬ್ಬುಗಂಟು. ಬಿಚ್ಚಲು ಹತ್ತಿರದಲ್ಲಿ ಯಾರಿದ್ದಾರೆ ಎಂದು ಮೊದಲ ಬಾರಿ ಕೇಳಿದೆ. ಒಳಗೇ ಕರಗುವ ಹೊಲಿಗೆ ಹಾಕಿ ಕಳಿಸಿದೆ.

ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಸಾಧಾರಣ ವಿಕ್ರಿಲ್ ಅನ್ನು ಚರ್ಮದ ಮೇಲೆ ಹಾಕಿ "ತಾನೇ ಕರಗುತ್ತದೆ" ಎಂದು ಕಳಿಸುವುದು ಸರಿಯಲ್ಲ. ಅದು ಅಷ್ಟು ಬೇಗ ಕರಗುವುದಿಲ್ಲ, ಅಷ್ಟರಲ್ಲಿ ಹಳಿಯ ಗುರುತು ಬಿದ್ದಿರುತ್ತದೆ. ಅದೇ ಕುಲದ ವಿಕ್ರಿಲ್ ರ್ಯಾಪಿಡ್ ಬೇರೆ. ಐದನೇ ದಿನಕ್ಕೆ ಅರ್ಧ ಬಲ, ಎರಡು ವಾರದೊಳಗೆ ಬಲವೆಲ್ಲ ಮುಗಿದು, ಹೊರಗಿನ ಗಂಟು ಒರೆಸಿದರೆ ಬಟ್ಟೆಯೊಂದಿಗೆ ಬರುತ್ತದೆ. ಮಕ್ಕಳಿಗೆ ನನಗೆ ಅದೇ ಇಷ್ಟ, ಹೊಲಿಗೆ ಬಿಚ್ಚಲು ನಾಲ್ಕು ಜನ ಹಿಡಿದುಕೊಳ್ಳುವುದು ತಪ್ಪುತ್ತದೆ.

ಔಷಧದಂಗಡಿ, ಅರಕಲಗೂಡು (ಮಧ್ಯಾಹ್ನ 3.00)

ಹಣದ ಮಾತು ಯಾರೂ ಎತ್ತಲಿಲ್ಲ. ಒಂದು ಮೋನೋಕ್ರಿಲ್ ಬೆಲೆಗೆ ಹಲವು ನೈಲಾನ್ ಪೊಟ್ಟಣ ಬರುತ್ತವೆ. ಆದರೆ ಬಿಚ್ಚಿಸಲು ಹೋಗಿ ಬರುವ ಬಸ್ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ ಸೇರಿಸಿದರೆ ಲೆಕ್ಕ ಅಷ್ಟು ಸುಲಭವಲ್ಲ.

ಚೀಟಿ ಹಿಡಿದು ಬರುವವರಿಗೆ ದಾರದ ದಪ್ಪ ಹೇಳುವ ಸಂಖ್ಯೆಯ ಗೊಂದಲ ತಪ್ಪಿದ್ದಲ್ಲ. 3-0ಕ್ಕಿಂತ 5-0 ದಪ್ಪ ಎಂದುಕೊಳ್ಳುತ್ತಾರೆ. ತಿರುಗುಮುರುಗು: 3-0 ಎಂದರೆ ಮೂರು ಸೊನ್ನೆ, ಸೊನ್ನೆ ಹೆಚ್ಚಾದಂತೆ ದಾರ ಸಣ್ಣ. 3-0 ಎಂದರೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು, ಮುಖಕ್ಕೆ ಹಾಕುವ 6-0 ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕ್ಯಾಟ್‌ಗಟ್ ಎಂಬ ಕರಗುವ ದಾರ ಬೆಕ್ಕಿನ ಕರುಳೇ ಎಂದು ಕೇಳುವವರೂ ಇದ್ದಾರೆ. ಅಲ್ಲ, ಕುರಿ ಅಥವಾ ದನದ ಕರುಳಿನ ಪದರ. ಹುಚ್ಚು ಹಸು ರೋಗದ ಭಯದಿಂದ ಯುರೋಪಿನಲ್ಲಿ ಅದನ್ನು ನಿಲ್ಲಿಸಿದ್ದಾರೆ, ನಮ್ಮಲ್ಲಿ ಇನ್ನೂ ಮಾರಾಟವಾಗುತ್ತದೆ.

ಹಟ್ಟಿ ವೈದ್ಯ, ಅರಸೀಕೆರೆ (ಸಂಜೆ 5.30)

ನಾನು ಪಶುವೈದ್ಯ. ನನ್ನ ರೋಗಿಗಳು ಹೊಲಿಗೆ ಹಾಕಿದ ಅರ್ಧ ಗಂಟೆಗೆ ಬೇಲಿಗೆ ಮೈ ಉಜ್ಜುತ್ತವೆ, ಕೆಸರಿನಲ್ಲಿ ಮಲಗುತ್ತವೆ, ತಮ್ಮ ಹೊಲಿಗೆಯನ್ನು ತಾವೇ ನೆಕ್ಕುತ್ತವೆ. ಹೊಟ್ಟೆ ಕೊಯ್ದರೆ ಸ್ನಾಯುವಿಗೆ ಕ್ಯಾಟ್‌ಗಟ್, ಚರ್ಮಕ್ಕೆ ದಪ್ಪ ನೈಲಾನ್. ಕಲೆಯ ಅಂದವನ್ನು ಕೇಳಿದ ಎಮ್ಮೆ ಇದುವರೆಗೂ ಸಿಕ್ಕಿಲ್ಲ. ನೊಣ ಕೂರದಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ.

ಹೊಲಿಗೆಯೇ ಬೇಡದ ಗಾಯದ ಬಗ್ಗೆಯೂ ಒಂದು ಮಾತಿರಲಿ. ನಾಯಿ ಕಚ್ಚಿದರೆ ಹೊಲಿಗೆ ಹಾಕಿ ಎಂದು ಹಟ ಮಾಡಬೇಡಿ. 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ತೆಗೆದುಕೊಳ್ಳಿ. ಅಂತಹ ಗಾಯವನ್ನು ಸಾಮಾನ್ಯವಾಗಿ ತೆರೆದೇ ಬಿಡುತ್ತಾರೆ.

ಹೇಮಾವತಿ ದಡ, ಸಕಲೇಶಪುರ (ಸಂಜೆ 6.45)

ಪಿನ್ನಿನ ವಿಷಯ ಬಂದದ್ದರಿಂದ ನನ್ನ ಕಥೆ. ಕಳೆದ ವರ್ಷ ದೊಡ್ಡ ನಗರದ ಆಸ್ಪತ್ರೆಯೊಂದರಲ್ಲಿ ಅಮ್ಮನಿಗೆ ಮಂಡಿ ಬದಲಾಯಿಸಿ, ಮೇಲೆ ಸ್ಟೀಲ್ ಪಿನ್ ಹೊಡೆದು, 14ನೇ ದಿನ ಊರಲ್ಲೇ ತೆಗೆಸಿಕೊಳ್ಳಿ ಎಂದು ಕಳಿಸಿದರು. ಊರಿನಲ್ಲಿ ಎರಡು ಕಡೆ ಕೇಳಿದೆ. ಪಿನ್ ತೆಗೆಯುವ ಸಾಧನವೇ ಇಲ್ಲ! ಅದೊಂದು ಪುಟ್ಟ ಚಿಮಟ, ಪಿನ್ನಿನ ಮಧ್ಯ ಒತ್ತಿದರೆ ಎರಡು ಕಾಲೂ ಮೇಲೇಳುತ್ತವಂತೆ. ಅದಕ್ಕಾಗಿ ಕಾರು ಮಾಡಿಕೊಂಡು, ಮಂಡಿ ಮಡಚಲಾಗದ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮತ್ತೆ ಅಲ್ಲಿಗೇ ಹೋದೆವು. ಹಾಕಲು ಐದು ನಿಮಿಷ ಉಳಿಸಿದ್ದರು, ನಮಗೆ ಒಂದು ದಿನ ಹೋಯಿತು.

ಬಿಳಿ ಟೋಪಿ, ಸಕಲೇಶಪುರ (ಸಂಜೆ 7.00)

ಹಾಗೆ ಹಾಕಿದ್ದರೆ ಡಿಸ್ಚಾರ್ಜ್ ದಿನವೇ ಆ ಸಾಧನವನ್ನು ಕೇಳಿ ಪಡೆಯಿರಿ. ಒಮ್ಮೆ ಬಳಸಿ ಎಸೆಯುವಂಥದ್ದು ಸಿಗುತ್ತದೆ. ಯಾರೂ ತಾವಾಗಿ ಕೊಡುವುದಿಲ್ಲ.

ಹಳೇಬೀಡು ರಸ್ತೆ, ಬೇಲೂರು (ರಾತ್ರಿ 9.10)

ಇತಿಹಾಸ ಮೇಷ್ಟ್ರು ನಾನು, ಸ್ವಲ್ಪ ದಾರಿ ತಪ್ಪಿಸುತ್ತೇನೆ. ಸುಶ್ರುತ ಸಂಹಿತೆಯಲ್ಲಿ ಹೊಲಿಗೆಗೆ ನಾರುಬಟ್ಟೆಯ ಎಳೆ, ಸೆಣಬು, ಸ್ನಾಯುರಜ್ಜು, ಕೂದಲು ಇವೆಲ್ಲ ಬರುತ್ತವೆ, ಹೊಲಿಗೆಗಳಿಗೆ ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂಬ ಹೆಸರುಗಳಿವೆ. ಸೀಳಿದ ಕರುಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ತಲೆ ಮಾತ್ರ ಉಳಿಸಿ ಮುಚ್ಚುವ ವಿಧಾನವೂ ಇದೆ. ಅದೇ ಪಿನ್ನಿನ ಮುತ್ತಜ್ಜ.

ಅಂಟಿಗೂ ನಮ್ಮ ಕಡೆಯ ಒಂದು ನಂಟಿದೆ. ಟಿಪ್ಪುವಿನ ಜೊತೆಗಿನ ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬಾತ ಸೆರೆಸಿಕ್ಕಾಗ ಅವನ ಮೂಗು ಕೊಯ್ದರು. ಮುಂದೆ ಪುಣೆಯ ಕಡೆ ದೇಶೀ ವೈದ್ಯನೊಬ್ಬ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಮಾಡಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಚರ್ಮವನ್ನು ಕೂರಿಸಿದ್ದು ದಾರದಿಂದಲ್ಲ. ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಅಂಟಿಸಿದ್ದ. ನಾವು ಎಲೆಯಡಿಕೆಗೆ ಹಾಕಿಕೊಳ್ಳುವ ಅದೇ ಕಾಚು.

ಹಾಸನಿಗ, ಸದ್ಯ ಬೆಂಗಳೂರು (ರಾತ್ರಿ 9.25)

ಮೇಷ್ಟ್ರೇ, ಕೊನೆಗೂ ಅಂಟೇ ಗೆದ್ದಿತು ಎನ್ನಿ!

ಮಲ್ಲಿಗೆ ಬಳ್ಳಿ, ಕಡೂರು (ಬುಧವಾರ ಬೆಳಿಗ್ಗೆ 10.00)

ನನ್ನ ಎದೆಯ ಮೇಲಿದ್ದ ಸಣ್ಣ ಗಂಟು ತೆಗೆದು ವರ್ಷವಾಯಿತು. ಒಳ್ಳೆಯ ದಾರವನ್ನೇ ಹಾಕಿದ್ದರು, ದಿನಕ್ಕೆ ಸರಿಯಾಗಿ ಬಿಚ್ಚಿದರು. ಆದರೂ ಕಲೆ ಊದಿ, ಗಾಯ ಇದ್ದದ್ದಕ್ಕಿಂತ ಅಗಲವಾಗಿ ಏಡಿಯ ಕಾಲಿನಂತೆ ಹರಡಿದೆ, ತುರಿಸುತ್ತದೆ. ಬದನೆಕಾಯಿ ತಿಂದು ನಂಜಾಗಿದೆ ಎಂದು ಅತ್ತೆ ಹೇಳುತ್ತಾರೆ. ಒಂದು ತಿಂಗಳು ಮೊಟ್ಟೆಯನ್ನೂ ಕೊಡಲಿಲ್ಲ.

ಹೆರಿಗೆ ವಾರ್ಡು, ಚಿಕ್ಕಮಗಳೂರು (ಬೆಳಿಗ್ಗೆ 11.40)

ಅದು ಕೀಲಾಯ್ಡ್ ಇರಬಹುದು, ಚರ್ಮವೈದ್ಯರಿಗೆ ತೋರಿಸಿ. ಎದೆ, ಭುಜ, ಕಿವಿಹಾಲೆ ಅದಕ್ಕೆ ಇಷ್ಟದ ಜಾಗಗಳು, ವಂಶದಲ್ಲೂ ಬರುತ್ತದೆ. ಗಾಯದ ಗಡಿ ದಾಟಿ ಹರಡಿದರೆ ಕೀಲಾಯ್ಡ್, ಗಡಿಯೊಳಗೇ ಊದಿದ್ದರೆ ಬರಿಯ ದಪ್ಪ ಕಲೆ, ಅದು ಕಾಲಕ್ರಮೇಣ ಇಳಿಯುತ್ತದೆ. ಸಿಲಿಕೋನ್ ಜೆಲ್, ಕಲೆಯೊಳಗೇ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಮುಂತಾದ ಚಿಕಿತ್ಸೆಗಳಿವೆ. ಬರಿದೇ ಕೊಯ್ದು ತೆಗೆಸಲು ಹೋಗಬೇಡಿ, ಮೊದಲಿಗಿಂತ ದೊಡ್ಡದಾಗಿ ಬರಬಹುದು.

ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಮೊಟ್ಟೆ ನಿಲ್ಲಿಸಿದ್ದು ಕೇಳಿ ಮಾತ್ರ ಸಿಟ್ಟು ಬಂತು. ಗಾಯ ಮಾಯಲು ಬೇಕಾದ ಕೊಲಾಜೆನ್ ಪ್ರೋಟೀನಿನಿಂದಲೇ ಆಗಬೇಕು. ನಮ್ಮಲ್ಲಿ ಪಥ್ಯದ ಹೆಸರಿನಲ್ಲಿ ಬಾಣಂತಿಗೆ ಬೇಳೆಯನ್ನೂ ನಿಲ್ಲಿಸಿ ಅನ್ನ, ಮೆಣಸಿನ ಸಾರು ಇಷ್ಟರಲ್ಲೇ ಇಡುತ್ತಾರೆ. ಆಮೇಲೆ ಹೊಲಿಗೆ ಬಿಟ್ಟುಕೊಂಡರೆ ದಾರ ಸರಿಯಿಲ್ಲ ಎನ್ನುತ್ತಾರೆ.

ತೋಟದಮನೆ, ಮೂಡಿಗೆರೆ (ಗುರುವಾರ ರಾತ್ರಿ 8.10)

ರಸ್ತೆ ಇನ್ನೂ ತೆರೆದಿಲ್ಲ. ಮಳೆಯಲ್ಲಿ ಬಟ್ಟೆಯೂ ಒಣಗುತ್ತಿಲ್ಲ, ಅಪ್ಪ ಸ್ನಾನ ಮಾಡಬಹುದೇ? ಗಾಯದ ಸುತ್ತ ತುಸು ಕೆಂಪಿದೆ, ಜ್ವರವಿಲ್ಲ.

ಬಿಳಿ ಟೋಪಿ, ಸಕಲೇಶಪುರ (ರಾತ್ರಿ 8.20)

ಎರಡು ದಿನ ಕಳೆದ ಮೇಲೆ ಚೊಂಬಿನಲ್ಲಿ ನೀರು ಹೊಯ್ದುಕೊಳ್ಳಬಹುದು, ತೊಟ್ಟಿಯಲ್ಲಿ ಮುಳುಗಿ ಕೂರಬಾರದು. ಆಮೇಲೆ ಉಜ್ಜದೆ, ಒಣ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ನೆಂದ ಪಟ್ಟಿ ಪಟ್ಟಿಯಿಲ್ಲದ್ದಕ್ಕಿಂತ ಕೆಟ್ಟದ್ದು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಪಂಚೆ ಉಡಿಸಿ. ಹೊಲಿಗೆಯ ತೂತಿನ ಸುತ್ತ ಗುಲಾಬಿ ಬಣ್ಣ ಇರುವುದೇ. ಕೆಂಪು ದಿನೇ ದಿನೇ ಹರಡಿದರೆ, ನೋವು ಇಳಿಯುವ ಬದಲು ಏರಿದರೆ, ಕೀವು, ವಾಸನೆ ಅಥವಾ ಜ್ವರ ಬಂದರೆ ರಸ್ತೆ ನೋಡಬೇಡಿ, 108ಕ್ಕೆ ಕರೆ ಮಾಡಿ.

ಚೀಟಿ ನೋಡಿದಿರಾ?

ತೋಟದಮನೆ, ಮೂಡಿಗೆರೆ (ಶನಿವಾರ ಸಂಜೆ 4.30)

ನಿನ್ನೆ ಮಧ್ಯಾಹ್ನ ಮರ ತೆಗೆದರು, ಇಂದು ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋದೆವು. ಹನ್ನೊಂದನೇ ದಿನ. ಅಲ್ಲಿನ ಸಿಸ್ಟರ್ ನೀವು ಬರೆದಂತೆಯೇ ಒಂದು ಬಿಟ್ಟು ಒಂದು ತೆಗೆದರು. ಏಳು ಹೊಲಿಗೆ ಹತ್ತಿಯ ಮೇಲೆ ಸಾಲಾಗಿ ಇಟ್ಟು, ಆಯಿತು ಎಂದರು. ಅಪ್ಪ ಅಂಗಿಯ ಜೇಬಿನಿಂದ ಚೀಟಿ ತೆಗೆದು ಮುಂದೆ ಹಿಡಿದರು. ಅದರಲ್ಲಿ ಎಂಟು ಎಂದಿತ್ತು.

ಅವರು ಟಾರ್ಚ್ ತಂದು ಹುಡುಕಿದರು. ಕೆಳತುದಿಯಲ್ಲಿ ಹೆಪ್ಪುಗಟ್ಟಿದ ಹಕ್ಕಳೆಯ ಕೆಳಗೆ ಎಂಟನೆಯದು ಅಡಗಿ ಕೂತಿತ್ತು. ನೆನೆಸಿ, ಹಕ್ಕಳೆ ಎಬ್ಬಿಸಿ ತೆಗೆದರು.

ಅಪ್ಪ ಒಂದು ಹೊಲಿಗೆಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಂದಿದ್ದಾರೆ. ಮನೆಗೆ ಬಂದವರೇ ಅಟ್ಟದಿಂದ ಗಾಳದ ದಾರದ ಉಂಡೆ ಇಳಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಉಗುರಿನಿಂದ ಎಳೆದೆಳೆದು ನೋಡಿದರು. ಈಗ ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದಾರೆ: "ಹಳೇ ದಾರ ಅಂದೆಯಲ್ಲ ಮಾರಾಯ, ಮೂರು ಕೆಜಿ ಮೀನು ಎಳೆದರೂ ಹರಿಯದ ದಾರ ಇದು."